ಫೈಲ್ ಹಾಳಾಗಿಲ್ಲ ಮಾರಾಯ್ರೇ!

"ಸರ್, ನೀವು ಕಳಿಸಿದ ಕನ್ನಡ ಫೈಲ್ ಹಾಳಾಗಿದೆ." ಇವತ್ತು ಆಫೀಸಲ್ಲಿ ಪಕ್ಕದ ಸೀಟಿನ ಹುಡುಗ ಕರೆದ. ಊರುಗಳ ಹೆಸರಿನ ಪಟ್ಟಿ ಅದು. ಹೋಗಿ ನೋಡಿದರೆ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ. ಅದೂ ಹಳೇ ಎಕ್ಸ್‌ಟರ್ಮ್ ಕಿಟಕಿ. ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ 'ಎ'ಗಳ ಜಾತ್ರೆ, ಪ್ರತಿಯೊಂದರ ಪಕ್ಕ ಪುಟಾಣಿ 2 ಅಥವಾ 3. ಸಾಲದ್ದಕ್ಕೆ ಅಕ್ಷರಗಳು ಮೆಟ್ಟಿಲು ಹತ್ತಿದ ಹಾಗೆ ಮೇಲಿನ ಸಾಲಿಗೆ ಏರುತ್ತಿವೆ!

ಸಿಟ್ಟು ಬರಬೇಕಿತ್ತು, ನಗು ಬಂತು. ಯುಟಿಎಫ್-8 ಅಂದರೆ ಎಲ್ಲಾ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿ, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳಾಗಿ, ಬರೆದಿಡುವ ಪದ್ಧತಿ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. ಒತ್ತಕ್ಷರ ಬರೆಯೋಕೆ ನಡುವೆ ಒಂದು ಹಲಂತ ಬೇಕಲ್ವಾ, ಅದರ ಕೊನೇ ಬೈಟು 141. ಇದು ಒಂದು ಬೈಟಿಗೆ ಒಂದೇ ಅಕ್ಷರ ಅನ್ನುವ ಹಳೇ ಪದ್ಧತಿ ಲ್ಯಾಟಿನ್-1 ಅಂದುಕೊಂಡು ಕೂತಿರುವ ಟರ್ಮಿನಲ್‌ಗೆ 141 ಅಕ್ಷರವೇ ಅಲ್ಲ, 'ಕರ್ಸರ್ ಒಂದು ಸಾಲು ಮೇಲೆ ಹತ್ತಿಸು' ಅನ್ನುವ ಆಜ್ಞೆ. 'ಅ' ಬಂದರೆ ಕೊನೇ ಬೈಟು 133, ಅಂದರೆ 'ಮುಂದಿನ ಸಾಲಿಗೆ ಹೋಗು'. ಹಾಗಾಗಿ 'ಅಣ್ಣ' ಅಂತ ಬರೆದರೆ 'ಅ' ಕೆಳಗಿಳಿಸುತ್ತದೆ, ಒತ್ತು ಮೇಲೆ ಹತ್ತಿಸುತ್ತದೆ. ಪಾಪದ ಟರ್ಮಿನಲ್ ಹೇಳಿದ ಮಾತು ಕೇಳುತ್ತಿದೆ ಅಷ್ಟೇ. ಫೈಲ್ ಹಾಳಾಗಿಲ್ಲ!

ಹುಡುಗನಿಗೆ ಇದೆಲ್ಲ ಬೇಡ. ಲ್ಯಾಟಿನ್-1ರಿಂದ ಯುಟಿಎಫ್-8ಗೆ ಬದಲಿಸು ಅಂತ ಪದ್ಧತಿ ಬದಲಿಸುವ ಐಕಾನ್ವ್ ಆಜ್ಞೆ ಟೈಪ್ ಮಾಡಿ ಎಂಟರ್ ಮೇಲೆ ಬೆರಳಿಟ್ಟಿದ್ದ. ಅದು ಮೊದಲೇ ಯುಟಿಎಫ್-8! ಹಾಗೆ ಮಾಡಿದರೆ 3 ಬೈಟು 6 ಆಗಿ, ಗಟ್ಟಿಮುಟ್ಟಾಗಿರುವ ಫೈಲ್ ಆಗ ನಿಜವಾಗಿ ಕಾಯಿಲೆ ಬೀಳುತ್ತದೆ. ಮೊದಲು ಭಾಷೆಯ ಸೆಟ್ಟಿಂಗ್ ತೋರಿಸುವ 'ಲೊಕೇಲ್' ಅಂತ ಹೊಡೆದು ನೋಡಪ್ಪಾ ಅಂದೆ. ಭಾಷೆ ಹೇಳುವ ಲ್ಯಾಂಗ್ ಎದುರು ಬರೀ 'ಸಿ', ಯುಟಿಎಫ್-8 ಸುದ್ದಿಯೇ ಇಲ್ಲ. ಯುಟಿಎಫ್-8 ಲೊಕೇಲ್ ಕೊಟ್ಟು ಹೊಸ ಕಿಟಕಿ ತೆರೆದೆವು, ಕನ್ನಡ ಬಂತು. ಒತ್ತುಗಳು ಬಿಡಿಬಿಡಿಯಾಗೇ ಇದ್ದವು, ಅದು ಎಕ್ಸ್‌ಟರ್ಮ್ ಜೊತೆ ನನಗಿರುವ ಬೇರೆ ಜಗಳ.

"ಇಂಗ್ಲಿಷಲ್ಲೇ ಬರೆದರೆ ಈ ತಾಪತ್ರಯ ಇರಲ್ಲ ಅಲ್ವಾ ಸರ್?" ಅಂದ. ಹೌದಪ್ಪಾ, ಊಟ ಬಿಟ್ಟರೆ ಪಾತ್ರೆ ತೊಳೆಯುವ ಕೆಲಸವೂ ಇರಲ್ಲ. ಯುಟಿಎಫ್-8 ಬಂದಿದ್ದು 1992ರಲ್ಲಿ, ಈ ಹುಡುಗ ಹುಟ್ಟುವ ಮೊದಲು. ಇಷ್ಟು ವರ್ಷ ಆದಮೇಲೂ ಸೆಟ್ಟಿಂಗ್ ತಪ್ಪಿದ್ದರೆ ಬೈಸಿಕೊಳ್ಳುವುದು ಕನ್ನಡವೇ. ಇದನ್ನು ಎಷ್ಟು ಸಲ ಹೇಳಿದ್ದೇನೋ, ನನಗೇ ಬೇಜಾರು.

ಬೆರಳು ತೆಗಿ ಅಂತ ಸ್ವಲ್ಪ ಜೋರಾಗೇ ಕೂಗಿದೆ, ನಿಜ. ಕಾರಣ ಇದೆ, ಯಾರಿಗೂ ಹೇಳಿರಲಿಲ್ಲ. ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಕಾಲೇಜು ದಿನಗಳಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ದೆ. ಒಳಗಿದ್ದದ್ದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು, ಐಕಾನ್ವ್‌ಗೆ ಅದು ಬಗೆಹರಿಯುವುದೇ ಇಲ್ಲ. ನಾನು ಬುದ್ಧಿವಂತ, ಅದನ್ನೇ ಓಡಿಸಿದೆ. ಉತ್ತರ ಬರೆಯುವ ಜಾಗಕ್ಕೂ ಅದೇ ಫೈಲಿನ ಹೆಸರು ಕೊಟ್ಟೆ. ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಮೊದಲು ಫೈಲ್ ಖಾಲಿ ಮಾಡಿ, ಆಮೇಲೆ ಕೆಲಸ ಶುರು ಮಾಡಿತು. ಸೊನ್ನೆ ಬೈಟು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ.

ಎರಡು ಪದ ಅಮ್ಮನಿಗೆ ಬಾಯಿಪಾಠ ಇದೆ. ಹುಡುಗ ಸಂಜೆವರೆಗೂ ಮಾತಾಡಿಸಲಿಲ್ಲ. ನಾಳೆ ಕಾಫಿ ಕೊಡಿಸಬೇಕು.