ಅದು ಹೆಲಿಕಾಪ್ಟರ್ ಅಲ್ಲ ಸ್ವಾಮೀ!

ನಿನ್ನೆ ರಾತ್ರಿ ಊಟ ಮುಗಿಸಿ ಹಜಾರಕ್ಕೆ ಬಂದರೆ ತಂಗಿಯ ಮಗ 1967ರ ಜೇಮ್ಸ್ ಬಾಂಡ್ ಚಿತ್ರ ‘ಯು ಓನ್ಲಿ ಲಿವ್ ಟ್ವೈಸ್’ ಹಾಕಿಕೊಂಡು ಕುಳಿತಿದ್ದ. ಜಪಾನಿನ ಜ್ವಾಲಾಮುಖಿಗಳ ಮೇಲೆ ‘ಲಿಟಲ್ ನೆಲ್ಲಿ’ ಎಂಬ ಆ ಪುಟ್ಟ ಯಂತ್ರ ಹಾರುತ್ತಿತ್ತು. ನನ್ನನ್ನು ಕಂಡವನೇ, “ಮಾವ, ಈ ಮಿನಿ ಹೆಲಿಕಾಪ್ಟರ್ ನೋಡು, ಪೂರ್ತಿ ಗ್ರಾಫಿಕ್ಸ್” ಎಂದ. ಒಂದೇ ವಾಕ್ಯದಲ್ಲಿ ಎರಡು ಅಪಚಾರ. ಅದು ಗ್ರಾಫಿಕ್ಸೂ ಅಲ್ಲ, ಹೆಲಿಕಾಪ್ಟರೂ ಅಲ್ಲ; ಅದು ಆಟೊಜೈರೊ. ಆ ಯಂತ್ರವನ್ನು ರೂಪಿಸಿದ ಬ್ರಿಟಿಷ್ ವಾಯುಪಡೆಯ ವಿಂಗ್ ಕಮಾಂಡರ್ ಕೆನ್ ವಾಲಿಸ್ ಅವರೇ ನಾಯಕನ ವೇಷ ತೊಟ್ಟು ಅದನ್ನು ಹಾರಿಸಿದ್ದರು. ತೆರೆಯ ಮೇಲೆ ಬರುವ ಕೆಲವೇ ನಿಮಿಷಗಳಿಗಾಗಿ ಅವರು 85 ಬಾರಿ ಗಾಳಿಗೇರಿ, ಒಟ್ಟು 46 ಗಂಟೆ ಆಕಾಶದಲ್ಲಿದ್ದರು.

ಗ್ರಾಫಿಕ್ಸ್ ಎಂದದ್ದನ್ನು ಕ್ಷಮಿಸುತ್ತೇನೆ, ಹುಡುಗ ಹುಟ್ಟಿದ ಕಾಲವೇ ಅಂಥದ್ದು. ಆದರೆ ‘ಮಿನಿ ಹೆಲಿಕಾಪ್ಟರ್’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತದೆ. ಪಾಲಿಟೆಕ್ನಿಕ್ಕಿನ ಸೀಮೆಸುಣ್ಣದ ಧೂಳು ಕುಡಿದವನ ಹಟವೆಂದು ನೀವು ನಗುವಿರಿ, ನಗಿ. ಜಾತ್ರೆಯಲ್ಲಿ ಕೊಂಡ ಗಿರಿಗಿಟ್ಲೆಯನ್ನು ಹಿಡಿದು ಮಗು ಓಡುವುದನ್ನು ನೀವೆಲ್ಲ ನೋಡಿದ್ದೀರಿ. ಗಿರಿಗಿಟ್ಲೆಯನ್ನು ಯಾರೂ ತಿರುಗಿಸುವುದಿಲ್ಲ; ಮಗು ಓಡುತ್ತದೆ, ಎದುರುಗಾಳಿ ತಿರುಗಿಸುತ್ತದೆ. ಆಟೊಜೈರೊ ಎಂದರೆ ಇಷ್ಟೇ. ಅದರ ಎಂಜಿನ್ ಒಂದು ಪ್ರೊಪೆಲ್ಲರನ್ನು ತಿರುಗಿಸಿ ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ತಲೆಯ ಮೇಲಿನ ರೋಟರನ್ನು, ಅಂದರೆ ಗಿರಗಿರನೆ ಸುತ್ತುವ ರೆಕ್ಕೆಗಳನ್ನು, ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ತಿರುಗಿಸುತ್ತದೆ. ಹೆಲಿಕಾಪ್ಟರಿನಲ್ಲಿ ಎಂಜಿನ್ ರೋಟರನ್ನೇ ತಿರುಗಿಸಿ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ತಳ್ಳುತ್ತದೆ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆದ್ದರಿಂದಲೇ ಆಟೊಜೈರೊ ನಿಂತಲ್ಲೇ ತೇಲಲಾರದು. ಆದ್ದರಿಂದಲೇ ಅದರ ಎಂಜಿನ್ ಕೈಕೊಟ್ಟರೂ ರೋಟರ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಅದೇ ಗಳಿಗೆಯಲ್ಲಿ ರಾಬಿನ್‌ಸನ್ ಆರ್22ರಂಥ ಸಣ್ಣ ಹೆಲಿಕಾಪ್ಟರಿನ ಪೈಲಟ್ ಒಂದೆರಡು ಸೆಕೆಂಡಿನೊಳಗೆ ಎಡಗೈಯ ಸನ್ನೆಕೋಲನ್ನು ಕೆಳಗಿಳಿಸದಿದ್ದರೆ ರೋಟರಿನ ವೇಗ ಕುಸಿದು ಕಥೆ ಮುಗಿಯುತ್ತದೆ. ವಾಟ್ಸ್ಯಾಪಿನಲ್ಲಿ “ಇನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಚಿಂತೆಯಿಲ್ಲ, ತಾರಸಿಯಿಂದಲೇ ಹಾರಿ” ಎಂದು ಗೈರೊಕಾಪ್ಟರಿನ (ಆಟೊಜೈರೊದ್ದೇ ಇನ್ನೊಂದು ಹೆಸರು) ಚಿತ್ರ ಕಳಿಸುವ ಮಹನೀಯರು ನೆಲದ ಮೇಲೆ ಓಡಲು ಅದಕ್ಕೊಂದಿಷ್ಟು ಜಾಗ ಬೇಕೆಂಬುದನ್ನು ದಯವಿಟ್ಟು ಗಮನಿಸಬೇಕು.

ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ, ಕೆಲಸಕ್ಕೆ ಬರುವಂತೆ ಹಾರಿದ್ದರಲ್ಲಿ ಇದೇ ಹಿರಿಯದು. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಕಟ್ಟಿದ್ದ ಮೂರು ಎಂಜಿನ್ನಿನ ವಿಮಾನ 1919ರಲ್ಲಿ ನೆಲದ ಸಮೀಪದಲ್ಲೇ ವೇಗ ಕಳೆದುಕೊಂಡು ಬಿತ್ತು. ವೇಗ ತಗ್ಗಿದರೂ ಬೀಳದ ವಿಮಾನ ಬೇಕೆಂದು ಹಟ ಹಿಡಿದ ಆತನ ಮೊದಮೊದಲ ಯಂತ್ರಗಳು ಪಕ್ಕಕ್ಕೆ ವಾಲಿ ಉರುಳಿದವು, ಏಕೆಂದರೆ ರೋಟರಿನಲ್ಲಿ ಗಾಳಿಗೆ ಎದುರಾಗಿ ಸಾಗುವ ರೆಕ್ಕೆ ಹಿಂದಕ್ಕೆ ಸರಿಯುವ ರೆಕ್ಕೆಗಿಂತ ಹೆಚ್ಚು ಎತ್ತುತ್ತಿತ್ತು. ಆತ ಪ್ರತಿ ರೆಕ್ಕೆಯ ಬುಡಕ್ಕೂ ಬಾಗಿಲಿಗೆ ಹಾಕುವಂತೆ ಒಂದು ಬಿಜಾಗರಿ ಹಾಕಿ, ರೆಕ್ಕೆ ತನಗೆ ಬೇಕಾದಂತೆ ಏಳಲಿ, ಇಳಿಯಲಿ ಎಂದು ಬಿಟ್ಟುಬಿಟ್ಟ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿಯ ಹೆತಾಫೆಯಲ್ಲಿ ಅದು ಹಾರಿತು. ಆ ಬಿಜಾಗರಿಯೇ ಮುಂದೆ ಹೆಲಿಕಾಪ್ಟರಿಗೂ ದಾರಿ ತೆರೆಯಿತು. 1936ರಲ್ಲಿ ಹಾರಿದ ಹೆಲಿಕಾಪ್ಟರನ್ನು ರೂಪಿಸಿದ ಜರ್ಮನಿಯ ಫೋಕೆ ಕೂಡ ಮೊದಲು ಸಿಯೆರ್ವಾನ ಆಟೊಜೈರೊಗಳನ್ನೇ ಪರವಾನಗಿ ಪಡೆದು ತಯಾರಿಸಿ ಪಳಗಿದವನು. ಅಪ್ಪನನ್ನು ಹಿಡಿದು ‘ಇವನು ಮಗನ ಪುಟ್ಟ ನಕಲು’ ಎಂದರೆ ಹೇಗಿರುತ್ತದೆ? ಸಿಯೆರ್ವಾ ಸತ್ತದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ, ಲಂಡನ್ನಿನ ಕ್ರಾಯ್ಡನ್‌ನಲ್ಲಿ ಮಂಜು ಮುಸುಕಿದ ಬೆಳಿಗ್ಗೆ ಮೇಲೇರಿದ ಮಾಮೂಲಿ ರೆಕ್ಕೆಯ ಪ್ರಯಾಣಿಕ ವಿಮಾನವೊಂದು ಮನೆಗೆ ಬಡಿದಾಗ. ಅದನ್ನು ಓದಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ಕಥೆಗಾರರೂ ಈ ಯಂತ್ರಕ್ಕೆ ನ್ಯಾಯ ಒದಗಿಸಲಿಲ್ಲ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಮದುವೆಯ ಗಂಡು ಆಟೊಜೈರೊದಲ್ಲಿ ಬಂದಿಳಿಯುತ್ತಾನೆ, ಮದುವಣಗಿತ್ತಿ ಕಾರು ಹತ್ತಿ ಓಡಿಹೋಗುತ್ತಾಳೆ. 1981ರ ‘ಮ್ಯಾಡ್ ಮ್ಯಾಕ್ಸ್ 2’ರಲ್ಲಿ ಅದನ್ನು ಹಾರಿಸುವವನು ಅರೆಹುಚ್ಚನಂತಿರುವ ಒಬ್ಬ ಅಲೆಮಾರಿ. ಶೋಕಿಲಾಲ ಇಲ್ಲವೇ ಕೋಡಂಗಿ, ನಡುವೆ ಇನ್ನೊಂದು ಪಾತ್ರವೇ ಇಲ್ಲ! ನಿಜ ಜೀವನದಲ್ಲಾದರೋ ಇದು 1939ರಲ್ಲಿ ಫಿಲಡೆಲ್ಫಿಯಾದ ಅಂಚೆ ಕಚೇರಿಯ ತಾರಸಿಯ ಮೇಲೆ ಇಳಿದು, ಏರಿ, ಸಂಬಳಕ್ಕೆ ದುಡಿಯುವ ಗುಮಾಸ್ತನಂತೆ ಟಪಾಲು ಹೊತ್ತಿದೆ.

“ಹೆಸರಿನಲ್ಲೇನಿದೆ, ಹಾರಿದರಾಯಿತಲ್ಲ” ಎನ್ನುವವರಿದ್ದಾರೆ. ಅವರು ಎಮ್ಮೆಯನ್ನು ಹಸುವೆಂದು ಕರೆದು ಹಾಲು ಕರೆದುಕೊಳ್ಳಲಿ, ನನ್ನ ತಕರಾರಿಲ್ಲ. “ಅದು ಅಷ್ಟು ಸುರಕ್ಷಿತವಾದರೆ ಮನೆಯಲ್ಲೇ ಕಟ್ಟಿಕೊಂಡು ಹಾರಿಸಿದವರು ಏಕೆ ಸತ್ತರು” ಎಂಬುದು ತುಸು ತೂಕವಿರುವ ಪ್ರಶ್ನೆ. ಸತ್ತದ್ದು ನಿಜ. ಮೂತಿಯನ್ನು ಹಠಾತ್ತನೆ ಕೆಳಕ್ಕೆ ಒತ್ತಿದರೆ ರೋಟರಿನ ಮೇಲಿನ ಭಾರ ಇಲ್ಲವಾಗುತ್ತದೆ, ಎತ್ತರದಲ್ಲಿ ಕೂರಿಸಿದ ಪ್ರೊಪೆಲ್ಲರ್ ಇಡೀ ಯಂತ್ರವನ್ನು ಮುಂದಕ್ಕೆ ಮಗುಚಿಬಿಡುತ್ತದೆ. ಆದರೆ ಅವರಲ್ಲಿ ಎಷ್ಟೋ ಜನ ಸರಿಯಾದ ತರಬೇತಿಯಿಲ್ಲದೆ ಇದನ್ನು ಬೇರೆ ಯಾವುದೋ ವಿಮಾನವೆಂದು ಬಗೆದು ಹಾರಿಸಿದವರು, ಅಂದರೆ ಮತ್ತೆ ಅದೇ ತಪ್ಪು. ನನ್ನ ಪಾಲಿಗೆ ವಾದ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಹಾರಾಡುವ ನಾನು ಒಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕು. ಹನ್ನೊಂದು ವರ್ಷ ನಾನೇ ತರಗತಿಯಲ್ಲಿ “ಆಟೊಜೈರೊ ಹೆಲಿಕಾಪ್ಟರಿನ ಒಂದು ಜಾತಿ” ಎಂದು ಬರೆಸಿದ್ದೇನೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಹಾಗಾದರೆ ಇದರ ಬಾಲದಲ್ಲಿ ಫ್ಯಾನ್ ಏಕಿಲ್ಲ?” ಎಂದು ಕೇಳಿದಾಗ ಗದರಿಸಿ ಕೂರಿಸಿದೆ. ರಾತ್ರಿ ಮನೆಯಲ್ಲಿ ಕುಳಿತು ಯೋಚಿಸಿದರೆ ಬೆವರು ಬಂತು. ಎಂಜಿನ್ ರೋಟರನ್ನು ತಿರುಗಿಸಿದರೆ ತಾನೇ ಒಡಲು ಎದುರು ದಿಕ್ಕಿಗೆ ತಿರುಗುವುದು? ಗಾಳಿಯೇ ತಿರುಗಿಸುವಾಗ ಅದನ್ನು ತಡೆಯುವ ಫ್ಯಾನ್ ಯಾಕೆ ಬೇಕು? ಮರುದಿನ ಪಾಠವನ್ನು ತಿದ್ದಿ ಬರೆಸಿದೆ, ಆದರೆ ಆ ಹುಡುಗನ ಹೆಸರು ಹೇಳಿ ಬರೆಸಲಿಲ್ಲ.

ನಿನ್ನೆ ಚಿತ್ರವನ್ನು ಹಿಂದಕ್ಕೆ ಓಡಿಸಿ, ನೆಲ್ಲಿಯನ್ನು ಅಟ್ಟಿಸಿಕೊಂಡು ಬರುವ ಹೆಲಿಕಾಪ್ಟರುಗಳ ಬಾಲದ ಫ್ಯಾನುಗಳನ್ನು ಎಣಿಸೆಂದು ಅಳಿಯನಿಗೆ ಹೇಳಿದೆ. ನಾಲ್ಕು ಎಂದ. ನೆಲ್ಲಿಯದು? ಪರದೆಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದ, ಇನ್ನೊಮ್ಮೆ ಹಾಕಲು ಹೇಳಿದ. ಆರನೆಯ ಸಲಕ್ಕೆ ತಂಗಿ ಬಂದು ಟೀವಿ ಆರಿಸಿದಳು.