ಹತ್ತು ಸೆಕೆಂಡಿಗೊಂದು ಹಾಡು

ಟೋಕಿಯೋಗೆ ಬಂದು ಹನ್ನೊಂದು ವರ್ಷ ಆಯ್ತು. ಈ ಸಲ ರಜೆಗೆ ಬೆಂಗಳೂರಿನ ತ್ಯಾಗರಾಜನಗರದ ಮನೆಗೆ ಹೋದರೆ, ಬ್ಯಾಗು ಇಳಿಸುವುದಕ್ಕೂ ಬಿಡದೆ ಅಕ್ಕನ ಮಗ ‘ಮಾಮ, ಇದನ್ನ ಕೇಳಿ’ ಅಂತ ಹೊಸ ಇಯರ್‌ಫೋನ್ ಕೈಗಿಟ್ಟ. ಫೋನಿನ ಡಿಜಿಟಲ್ ಹಾಡನ್ನ ಇಯರ್‌ಫೋನಿಗೆ ಸದ್ದಾಗಿಸಿ ಕೊಡುವ ಹೆಬ್ಬೆರಳಿನಷ್ಟು ಡ್ಯಾಕ್, ಜಡೆ ಹೆಣೆದ ಹಾಗಿರುವ ತಾಮ್ರದ ವೈರು, ಫೋನಿನ ತುಂಬ ಸದ್ದಿನ ಒಂದು ಚೂರೂ ಕಳೆಯದ ಫ್ಲ್ಯಾಕ್ ಫೈಲು. ಭೀಮಸೇನ ಜೋಶಿಯವರು ಷಡ್ಜ ಹಿಡಿದು ನಿಂತಿದ್ದರು. ತಂಬೂರಿಯ ಒಂದೊಂದು ತಂತಿಯೂ ಬೇರೆಯಾಗಿ ಕೇಳುತ್ತಿತ್ತು. ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಹಾಡು ಬದಲಾಯಿತು.

‘ಇದರಲ್ಲಿ ಬೇಸ್ ನೋಡಿ.’ ಹತ್ತು ಸೆಕೆಂಡು. ‘ಈಗ ಚಪ್ಪಾಳೆ ಯಾವ ಕಡೆಯಿಂದ ಬರ್ತಿದೆ ಹೇಳಿ.’ ಮತ್ತೆ ಹತ್ತು ಸೆಕೆಂಡು. ಹಾಡು ಒಂದೂ ಮುಗಿಯಲಿಲ್ಲ, ನನ್ನ ಕಾಫಿ ಮಾತ್ರ ಆರಿಹೋಯಿತು.

ನನಗೆ ಸಿಟ್ಟು ಬಂತು. ಯಾಕೆಂದರೆ ಹಿಂದಿನ ಶನಿವಾರ ತಾನೆ ಟೋಕಿಯೋದ ಶಿಬುಯಾದ ಲಯನ್‌ನಲ್ಲಿ ಕೂತು ಬಂದಿದ್ದೆ. 1926ರಲ್ಲಿ ಶುರುವಾದ ಕಾಫಿ ಅಂಗಡಿ ಅದು, ಯುದ್ಧದ ಬಾಂಬಿಗೆ ಸುಟ್ಟುಹೋಗಿ 1950ರಲ್ಲಿ ಮತ್ತೆ ಎದ್ದದ್ದು. ಕುರ್ಚಿಗಳೆಲ್ಲ ಒಂದೇ ಕಡೆಗೆ ಮುಖ ಮಾಡಿವೆ. ಎದುರಿಗೆ ಎರಡು ಅಂತಸ್ತಿನೆತ್ತರದ ಮರದ ಸ್ಪೀಕರು, ತೇರು ತಂದು ಮನೆಯೊಳಗೆ ನಿಲ್ಲಿಸಿದ ಹಾಗೆ. ಮಾತಾಡೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ಪ್ಲೇಟು ಹಾಕಿದರೆ ಒಂದು ಬದಿ ಮುಗಿಯೋಕೆ ಇಪ್ಪತ್ತು ನಿಮಿಷ, ಇಷ್ಟ ಆಗಲಿ ಬಿಡಲಿ ಕೂತಿರಬೇಕು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನು ಬೋರಲು ಹಾಕಿ ಅಷ್ಟು ಹೊತ್ತೂ ಅಲುಗಾಡದೆ ಕೂತಿದ್ದಳು. ನಮ್ಮ ಕಡೆ ಹೀಗೆ ಕೂತರೆ ಮೈ ಹುಷಾರಿಲ್ವಾ ಅಂತ ಕೇಳ್ತಾರೆ!

ಜೇಬಿನ ಕ್ಯಾಸೆಟ್ ಪ್ಲೇಯರ್ ವಾಕ್‌ಮನ್ ಹುಟ್ಟಿದ್ದೂ ಟೋಕಿಯೋದಲ್ಲೇ, 1979ರಲ್ಲಿ. ಮೊದಲ ಮಾಡೆಲ್ಲಿಗೆ ಎರಡು ಹೆಡ್‌ಫೋನ್ ಸಿಕ್ಕಿಸುವ ತೂತಿದ್ದವು. ಒಬ್ಬನೇ ಕೇಳೋದು ಮರ್ಯಾದೆ ಅಲ್ಲ ಅನ್ನೋ ಅಳುಕಿತ್ತು ಅದನ್ನ ಮಾಡಿದ ಸೋನಿಯವರಿಗೆ. ನಮ್ಮ ಹುಡುಗನ ಡ್ಯಾಕಿಗೂ ಎರಡು ತೂತಿದೆ, ಒಂದು 3.5 ಮಿ.ಮೀ., ಇನ್ನೊಂದು 4.4. ಎರಡೂ ಇವನೊಬ್ಬನ ಕಿವಿಗೇ.

ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ ಆಂಪ್ಲಿಫೈಯರ್ ಹಾಲಿನಲ್ಲಿತ್ತು, ಅದು ಹಾಡಿದರೆ ಎದುರುಮನೆಯವರಿಗೂ ಪಾಲು. ರಾಮನವಮಿಗೆ ಕೋಟೆ ಹೈಸ್ಕೂಲು ಮೈದಾನಕ್ಕೆ ಕರೆದುಕೊಂಡು ಹೋಗಿ ಮಂಗಳದವರೆಗೂ ಕೂರಿಸುತ್ತಿದ್ದರು. 1939ರಿಂದ ನಡೆದು ಬಂದಿರುವ ಕಚೇರಿಗಳು ಅವು. ಪೆಂಡಾಲಿನ ಹೊರಗೆ ನಿಂತವರಿಗೂ ಕೇಳುತ್ತಿತ್ತು. ಸುಳ್ಳು ಯಾಕೆ, ಮೃದಂಗದವರ ತನಿ ಶುರುವಾದರೆ ಅರ್ಧ ಪೆಂಡಾಲು ಖಾಲಿ ಆಗುತ್ತಿದ್ದದ್ದೂ ಅಲ್ಲೇ.

ಇನ್ನೊಂದು ವಿಷಯವೂ ಇದೆ, ಒಪ್ಪಿಕೊಳ್ಳೋಕೆ ಅಷ್ಟು ಇಷ್ಟ ಇಲ್ಲ. ಅಪ್ಪನ ಹತ್ತಿರ ಸ್ಟೀರಿಯೋ ತೋರಿಸೋದಕ್ಕೆ ಅಂತಲೇ ಒಂದು ಪ್ಲೇಟಿತ್ತು. ರೈಲು ಎಡಗಡೆ ಸ್ಪೀಕರಿನಿಂದ ಬಲಗಡೆಗೆ ಓಡುವ ಸದ್ದು. ಮನೆಗೆ ಬಂದವರಿಗೆಲ್ಲ ಮೊದಲು ರೈಲು, ಆಮೇಲೆ ಕಾಫಿ. ಪಿನ್ನು ಎತ್ತಿ ಮತ್ತೆ ಅಲ್ಲಿಗೇ ಇಡುತ್ತಿದ್ದರು. ರೈಲು ಎಷ್ಟು ಸಲ ಹೋಯಿತೋ ಲೆಕ್ಕ ಇಲ್ಲ. ಹುಡುಗನ ಚಪ್ಪಾಳೆ ಪರೀಕ್ಷೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಅಲ್ವಾ? ಅಕ್ಕ ಒಂಬತ್ತಕ್ಕೇ ಮಲಗುವ ಎರಡು ಬೆಡ್‌ರೂಮಿನ ಮನೆಯಲ್ಲಿ ಅವನು ಸ್ಪೀಕರು ಹಾಕುವುದಾದರೂ ಹೇಗೆ.

ಆದರೂ ರಾತ್ರಿ ಊಟಕ್ಕೆ ಕೂತಾಗ ಲಯನ್ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಎಲ್ಲ ಕೇಳಿಸಿಕೊಂಡು ಮೊಸರನ್ನ ಕಲಸುತ್ತಾ ಕೇಳಿದ: ‘ಆ ಸ್ಪೀಕರು ಯಾವ ಕಂಪನೀದು ಮಾಮ?’

ಬೈದೆ. ಮೊದಲ ಸಲ ಅಲ್ಲಿಗೆ ಹೋದಾಗ ನಾನೂ ಬಿಲ್ಲು ಕೊಡುವ ನೆಪದಲ್ಲಿ ಸ್ಪೀಕರಿನ ಹತ್ತಿರ ಹೋಗಿ ಬಗ್ಗಿ ನೋಡಿದ್ದನ್ನ ಅವನಿಗೆ ಹೇಳಲಿಲ್ಲ.