ಅಮ್ಮನ ಕೆನ್ನೆಯ ಕಲೆ

ಅಮ್ಮ ತೀರಿಕೊಂಡ ದಿನ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ನಮ್ಮ ಲಿಂಗರಾಜಪುರದಲ್ಲಿ ಯಾರೇ ಹೋದರೂ ಸಂಜೆಯೊಳಗೆ ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ನಿಂತಿರಬೇಕು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಫೋಟೋ ತೆರೆದುಕೊಂಡು ಕೇಳಿದ: "ಅಣ್ಣ, ವೈಕುಂಠವಾಸಿ, ಕೈಲಾಸವಾಸಿ, ಶಿವೈಕ್ಯ, ಲಿಂಗೈಕ್ಯ, ಎಲ್ಲ ಟೈಪ್ ಮಾಡಿ ಇಟ್ಟಿದ್ದೀನಿ. ನಿಮ್ಮಲ್ಲಿ ಯಾವುದು, ಸ್ವರ್ಗಸ್ಥರಾ?"

"ನಾವು ಕ್ರೈಸ್ತರು, ಕರ್ತನಲ್ಲಿ ನಿದ್ರಿಸಿದ್ದಾರೆ ಅಂತ ಹಾಕಪ್ಪ" ಅಂದೆ. ಕರ್ತ ಅಂದರೆ ನಮಗೆ ಯೇಸು.

ಅವನು ನನ್ನ ಮುಖ ನೋಡಿದ. "ನಿದ್ರೆನಾ? ಜನ ಏನಂದ್ಕೋತಾರೆ ಅಣ್ಣ?"

ಅವತ್ತು ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೂರು ವರ್ಷ ಆದಮೇಲೆ ಈಗ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಸಭೆಯವರಲ್ಲೇ ಜಾಸ್ತಿ ಜನ ಏನು ತಿಳಿದುಕೊಂಡಿದ್ದಾರೆ ಅಂದರೆ, ಸತ್ತ ಕೂಡಲೇ ಆತ್ಮ ಹಾರಿ ಮೇಲೆ ಹೋಗುತ್ತದೆ, ಅಲ್ಲೇ ಖಾಯಂ ಆಗಿ ಹಾಡುತ್ತಾ ಕೂರುತ್ತದೆ, ದೇಹ ಅನ್ನೋದು ಸುಮ್ನೆ ಒಂದು ಹಳೇ ಚೀಲ. ಸತ್ಯವೇದ, ಅಂದರೆ ಬೈಬಲ್, ಬಿಚ್ಚಿ ಕೂತರೆ ಕಥೆ ಬೇರೆಯೇ ಇದೆ. ಅದರ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಸತ್ತವರು ಹೋಗುವ ಜಾಗ ಮೇಲಿಲ್ಲ, ಕೆಳಗಿದೆ. ಹೀಬ್ರೂವಿನಲ್ಲಿ ಷಿಯೋಲ್, ನಮ್ಮ ಕನ್ನಡ ಬೈಬಲ್‌ನಲ್ಲಿ ಪಾತಾಳ. ಒಳ್ಳೆಯವರು ಕೆಟ್ಟವರು ಎಲ್ಲರೂ ಅಲ್ಲಿಗೇ. ಸೌಲ ರಾಜ ಏಂದೋರ್ ಊರಿನಲ್ಲಿ ಸತ್ತವರನ್ನು ಕರೆಸುವ ಹೆಂಗಸಿನ ಹತ್ತಿರ ಹೋಗಿ ಸತ್ತ ಸಮುವೇಲನನ್ನು ಕರೆಸುತ್ತಾನಲ್ಲ, ಅಂಥ ಪ್ರವಾದಿಯೂ ನೆಲದ ಕೆಳಗಿನಿಂದ ಎದ್ದು ಬಂದು, ನನ್ನನ್ನು ಯಾಕಯ್ಯಾ ಎಬ್ಬಿಸಿ ತೊಂದರೆ ಕೊಟ್ಟೆ ಅಂತ ರೇಗುತ್ತಾನೆ. ಪ್ರಸಂಗಿ ಅನ್ನುವ ಪುಸ್ತಕ ಬರೆದವನಂತೂ ಸತ್ತವರಿಗೆ ಏನೂ ಗೊತ್ತಾಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾನೆ.

ಹಾಗಾದರೆ ಸತ್ತವರು ಏಳುತ್ತಾರೆ ಅನ್ನೋದು ಎಲ್ಲಿಂದ ಬಂತು? ಬಿಡಿಸಿ ಹೇಳಿರುವುದು ಹಳೆ ಒಡಂಬಡಿಕೆಯ ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ: ಮಣ್ಣಿನಲ್ಲಿ ನಿದ್ರಿಸುತ್ತಿರುವ ಬಹು ಜನ ಎಚ್ಚರವಾಗುತ್ತಾರೆ. ಹೆಚ್ಚಿನ ವಿದ್ವಾಂಸರು ಆ ಭಾಗವನ್ನು ಕ್ರಿ.ಪೂ. 165ರ ಆಸುಪಾಸಿನದು ಅನ್ನುತ್ತಾರೆ. ಅಂತಿಯೋಕ ರಾಜ ಯೆಹೂದ್ಯರನ್ನು ಹಿಂಸಿಸುತ್ತಿದ್ದ ಕಾಲ. ಧರ್ಮಶಾಸ್ತ್ರ ಬಿಡಲ್ಲ ಅಂದಿದ್ದಕ್ಕೇ ಜನ ಸಾಯುತ್ತಿದ್ದರು. ಅವರಿಗೆ ನ್ಯಾಯ ಸಿಗೋದು ಯಾವಾಗ? ಆ ಸಂಕಟದಲ್ಲೇ ಈ ನಂಬಿಕೆ ಬೇರು ಬಿಟ್ಟಿತು ಅಂತ ನನಗನ್ನಿಸುತ್ತದೆ. ಯೇಸುವಿನ ಕಾಲಕ್ಕೂ ಅದರ ಮೇಲೆ ಜಗಳ ಮುಗಿದಿರಲಿಲ್ಲ. ಯೆಹೂದ್ಯರಲ್ಲೇ ಎರಡು ಪಂಗಡ: ಫರಿಸಾಯರು ಹೌದು ಅನ್ನುತ್ತಿದ್ದರು, ಸದ್ದುಕಾಯರು ಸುತರಾಂ ಒಪ್ಪುತ್ತಿರಲಿಲ್ಲ.

ಹೊಸ ಒಡಂಬಡಿಕೆಗೆ ಬಂದರೂ ದೇಹದ ಮಾತು ಬಿಡಲ್ಲ. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಪತ್ರದಲ್ಲಿ ಕಾಳಿನ ಲೆಕ್ಕ ಹೇಳುತ್ತಾನೆ: ಬಿತ್ತಿದ ಕಾಳು ಸಾಯದೆ ಪೈರು ಬರಲ್ಲ, ಬರುವ ಪೈರು ಕಾಳಿನ ಹಾಗೇ ಇರೋದೂ ಇಲ್ಲ. ಅವನು ಹೆಸರು ಹೇಳುವುದು ಗೋಧಿದು. ನಾನು ರಾಗಿ ಅಂತ ಓದಿಕೊಳ್ಳುತ್ತೇನೆ, ಏನು ಮಾಡೋದು. ಅದೇ ಅಧ್ಯಾಯದಲ್ಲಿ ಸಾವನ್ನು ಕೊನೆಯ ಶತ್ರು ಅನ್ನುತ್ತಾನೆ. ಮೇಲಕ್ಕೆ ಕರೆದುಕೊಂಡು ಹೋಗುವ ಗಾಡಿ ಅಂತ ಎಲ್ಲೂ ಅನ್ನಲ್ಲ. ಇನ್ನು ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಗೆ ಬನ್ನಿ. ಅಲ್ಲಿ ಯಾರೂ ಮೇಲೆ ಹತ್ತುತ್ತಿಲ್ಲ, ದೇವರ ಪಟ್ಟಣವೇ ಕೆಳಗಿಳಿದು ಬರುತ್ತದೆ! ಒಂದೊಂದು ಬದಿ 12,000 ಸ್ತಾದಿ, ಅಂದರೆ ಸುಮಾರು 2,200 ಕಿಲೋಮೀಟರ್, ರಸ್ತೆಯಲ್ಲಿ ಇಲ್ಲಿಂದ ದೆಹಲಿಯಷ್ಟು. ಅದರ ಬಾಗಿಲು ಮುಚ್ಚೋದೇ ಇಲ್ಲವಂತೆ. ನಮ್ಮ ಬೆಂಗಳೂರಲ್ಲಿ ರಾತ್ರಿ ಹತ್ತಕ್ಕೇ ಲೇಔಟ್ ಗೇಟ್ ಹಾಕಿಬಿಡುತ್ತಾರೆ.

ಎಲ್ಲ ನೀಟಾಗಿ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಯೇಸು ಪಕ್ಕದ ಶಿಲುಬೆಯ ಕಳ್ಳನಿಗೆ ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುತ್ತೀ ಅಂದನಲ್ಲ, ಅದಕ್ಕೇನು ಹೇಳೋದು? ಹಳೆಯ ಗ್ರೀಕ್ ಪ್ರತಿಗಳಲ್ಲಿ ಅಲ್ಪವಿರಾಮ ಇರುತ್ತಿರಲಿಲ್ಲ, 'ಇವತ್ತು' ಅನ್ನೋದು ಹಿಂದಿನ 'ನಿನಗೆ ಹೇಳುತ್ತೇನೆ' ಅನ್ನುವ ಮಾತಿಗೆ ಸೇರಿದ್ದು ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಅದು ಎಳೆದು ತಂದ ಹಾಗೆ ಕಾಣುತ್ತದೆ. ಲೋಕ ಬಿಟ್ಟು ಕ್ರಿಸ್ತನ ಹತ್ತಿರ ಹೋಗುವ ಆಸೆ ಅಂತ ಪೌಲನೂ ಬರೆದಿದ್ದಾನೆ. ಹಾಗಾಗಿ ಅಮ್ಮ ಈಗ ಆತನ ಹತ್ತಿರ ಇದ್ದಾಳೆ ಅಂತಲೇ ನಾನೂ ನಂಬುತ್ತೇನೆ. ಆದರೆ ಅದು ನಡುವಿನ ನಿಲ್ದಾಣ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ನಾವು ಬಾಯಿಬಿಟ್ಟು ಹೇಳೋದು ದೇಹ ಎದ್ದು ಬರುತ್ತದೆ ಅಂತ ತಾನೇ?

ನನಗೆ ಕೋಪ ಬಂದಿದ್ದು ಸಮಾಧಿ ಹತ್ತಿರ. ಹೊಸೂರು ರಸ್ತೆಯಲ್ಲಿ ಇನ್ನೂ ಮಣ್ಣು ಹಾಕುತ್ತಿದ್ದರು, ಹಿರಿಯರೊಬ್ಬರು ತಂಗಿಯ ಭುಜ ತಟ್ಟಿ, "ಅಳಬಾರದಮ್ಮ, ಒಳ್ಳೇ ಜಾಗಕ್ಕೆ ಹೋದರು, ಅತ್ತರೆ ನಂಬಿಕೆ ಇಲ್ಲ ಅಂತ ಅರ್ಥ" ಅಂದರು. ಅಲ್ಲ ಸ್ವಾಮಿ, ಸತ್ತ ಗೆಳೆಯ ಲಾಜರ ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾನೆ ಅಂತ ಗೊತ್ತಿದ್ದೂ ಯೇಸು ಅತ್ತನಲ್ಲ, ಅವನಿಗೂ ನಂಬಿಕೆ ಇರಲಿಲ್ವಾ? ಪೌಲ ಥೆಸಲೋನಿಕದವರಿಗೆ ಬರೆದಿದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ. ಅಳಲೇಬೇಡಿ ಅಂತ ಅಲ್ಲ.

ಫ್ಲೆಕ್ಸ್ ಅಂಗಡಿಗೆ ವಾಪಸ್ ಬರುತ್ತೇನೆ. ಅಮ್ಮನ ಎಡಗೆನ್ನೆಯ ಮೇಲೆ ಒಂದು ಸುಟ್ಟ ಕಲೆ ಇತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕ್ರಿಸ್ಮಸ್‌ಗೆ ರೋಸ್ ಕುಕ್ಕೀಸ್ ಕರಿಯುವಾಗ, ನಾನೇ ಹಿಂದಿನಿಂದ ಹೋಗಿ ಸೆರಗು ಎಳೆದಿದ್ದೆ. ಅಚ್ಚು ಜಾರಿ ಬಾಣಲೆಗೆ ಬಿತ್ತು, ಎಣ್ಣೆ ಹಾರಿತು. ಹುಡುಗ ಪ್ರಿಂಟ್‌ಗೆ ಕೊಡುವ ಮುಂಚೆ ತೋರಿಸಿದ. ಅಮ್ಮ ಬೆಳ್ಳಗಾಗಿದ್ದಳು, ಹಿಂದೆ ಮೋಡ, ಕೆನ್ನೆ ನುಣ್ಣಗೆ. "ಕಲೆ ತೆಗೆದಿದ್ದೀನಿ ಅಣ್ಣ, ನೀಟಾಗಿದೆ ಅಲ್ವಾ?"

ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ತಿಂಡಿ ಕೊಟ್ಟಿದ್ದು ಆ ಕೈಯಲ್ಲೇ. ಅಂಗಡಿಯಲ್ಲಿ ನನಗೆ ಇದೆಲ್ಲ ಹೊಳೆಯಲಿಲ್ಲ, ನಿಜ ಹೇಳುತ್ತೇನೆ. "ಕಲೆ ವಾಪಸ್ ಹಾಕಪ್ಪ" ಅಂತಷ್ಟೇ ಅಂದೆ. ಅವನು ಗೊಣಗಿಕೊಂಡು ಎರಡು ಬಟನ್ ಒತ್ತಿದ. ಮೋಡ ಹೋಯಿತು, ಕೆನ್ನೆಯ ಕಲೆ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ 'ನಿದ್ರಿಸಿದ್ದಾರೆ' ಅಂತ ಅವನೇ ಟೈಪ್ ಮಾಡಿದ.